ಕನ್ನಡ ಚಿತ್ರರಂಗ 1934ರಲ್ಲಿ ಹುಟ್ಟಿತೆಂಬ ಮಾತು

ಕನ್ನಡ ಚಿತ್ರರಂಗವು 1934ನೆಯ ಇಸವಿಯ ಮಾರ್ಚ್ 3ರಂದು ‘ಸತಿ ಸುಲೋಚನ’ ಚಿತ್ರದ ಬಿಡುಗಡೆಯೊಂದಿಗೆ ಜನ್ಮ ತಾಳಿತು ಎಂಬ ವಾಕ್ಯವನ್ನು ನಮ್ಮ ಪಠ್ಯಗಳೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳೂ ವೇದಿಕೆಯ ಭಾಷಣಗಳೂ ಒಂದೇ ಸಮನೆ ಹೇಳುತ್ತ ಬಂದಿವೆ. ಈ ಲೆಕ್ಕವನ್ನೇ ಹಿಡಿದು 2009ರಲ್ಲಿ ಕನ್ನಡ ಚಿತ್ರರಂಗದ ಅಮೃತ ಮಹೋತ್ಸವವನ್ನು ಸರ್ಕಾರವೇ ಮುಂದೆ ನಿಂತು ನಡೆಸಿತು. ಇದೇ ಲೆಕ್ಕ ಮುಂದುವರಿದರೆ 2034ರಲ್ಲಿ ಶತಮಾನೋತ್ಸವವೂ ನಡೆಯುತ್ತದೆ. ತಪ್ಪೊಂದಕ್ಕೆ ಶಿಲಾಶಾಸನದ ಗಟ್ಟಿತನ ಬಂದುಬಿಡುತ್ತದೆ. ಅದಕ್ಕೆ ಮೊದಲೇ ಈ ಮಾತನ್ನು ಪರೀಕ್ಷೆಗೆ ಒಡ್ಡಬೇಕಾದುದು ಕನ್ನಡ ಸಾಹಿತ್ಯಚರಿತ್ರೆಯನ್ನು ಬೋಧಿಸುವ, ಅಭ್ಯಸಿಸುವ ನಮ್ಮ ಹೊಣೆಯೆಂದು ನಾನು ತಿಳಿದಿದ್ದೇನೆ. 1934 ಕನ್ನಡ ವಾಕ್ಚಿತ್ರದ ಹುಟ್ಟಿನ ವರ್ಷ. ಕನ್ನಡ ಚಲನಚಿತ್ರದ ಹುಟ್ಟಿನ ವರ್ಷ ಅದಲ್ಲ.

‘ಸತಿ ಸುಲೋಚನ’ಕ್ಕೆ ಮುನ್ನ ಈ ನೆಲದಲ್ಲಿ ಏನು ನಡೆದಿತ್ತು? ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ್ ದಯಾರಾಮ್ ಭವನಾನಿ ‘ವಸಂತಸೇನಾ’ ಚಿತ್ರವನ್ನು ನಿರ್ದೇಶಿಸಿದರು. ಏಣಾಕ್ಷಿ ರಾಮರಾವ್ ಅದರ ನಾಯಿಕೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ಅಭಿನಯಿಸಿದರು, ನಮ್ಮ ಟಿ. ಪಿ. ಕೈಲಾಸಂ ಅವರೂ ಅಭಿನಯಿಸಿದರು. ಗುಜರಾತಿನ ಹರಿಭಾಯಿ ದೇಸಾಯಿ ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪನಿಯನ್ನು ಕಟ್ಟಿ ಒಂದರ ಮೇಲೊಂದು ಮೂಕಿ ಚಿತ್ರಗಳನ್ನು ತಯಾರಿಸಿದರು. ಗುಬ್ಬಿ ವೀರಣ್ಣನವರು ರಂಗಭೂಮಿಯ ಗಳಿಕೆಯನ್ನು ಸಿನಿಮಾಕ್ಕೆ ಸುರಿದರು. ಬೆಲ್ಜಿಯಂ ಮೂಲದ ರಾಫೆಲ್ ಆಲ್ಗೋಯೆಟ್ ನಿರ್ದೇಶಿಸಿದ ‘ಹಿಸ್ ಲವ್ ಅಫೇರ್’ ಚಿತ್ರದಲ್ಲಿ ವೀರಣ್ಣನವರೂ ಬಿ. ಜಯಮ್ಮನವರೂ ಕಾಣಿಸಿಕೊಂಡರು. ವೈ. ವಿ. ರಾವ್ ನಿರ್ದೇಶನದಲ್ಲಿ ‘ಹರಿಮಾಯ’ ಬಂತು. ಈ ವೈ. ವಿ. ರಾವ್ ಅವರೇ ಮುಂದೆ ‘ಸತಿ ಸುಲೋಚನ’ವನ್ನು ನಿರ್ದೇಶಿಸಿದವರು. ಮೊದಲ ವಾಕ್ಚಿತ್ರದ ನಿರ್ದೇಶಕ ಮಾತಿಲ್ಲದ ಚಿತ್ರಗಳಲ್ಲಿ ನುರಿತು ಬಂದವನು ಎಂದಮೇಲೆ 1934 ಮುಂದುವರಿಕೆಯಾಯಿತಲ್ಲದೆ ಆರಂಭ ಹೇಗಾದೀತು?

ಇದನ್ನು ಎತ್ತಿದಾಗಲೆಲ್ಲ ಮೂರು ಆಕ್ಷೇಪಗಳು ಎದುರಾಗುತ್ತವೆ. ಒಂದು: ಆ ಚಿತ್ರಗಳನ್ನು ತೆಗೆದವರು ಹೊರಗಿನವರು. ಎರಡು: ಆ ಚಿತ್ರಗಳು ಇಂದು ಉಳಿದಿಲ್ಲ, ಇಲ್ಲದುದರ ಚರಿತ್ರೆಯನ್ನು ಬರೆಯುವುದು ಹೇಗೆ. ಮೂರು: ಮಾತಿಲ್ಲದ ಚಿತ್ರಕ್ಕೆ ಭಾಷೆಯಿಲ್ಲ, ಭಾಷೆಯಿಲ್ಲದುದನ್ನು ಕನ್ನಡವೆನ್ನುವುದು ಹೇಗೆ. ಈ ಮೂರರಲ್ಲಿ ಯಾವುದೂ ನಿಲ್ಲುವುದಿಲ್ಲ.

ಮೊದಲ ಆಕ್ಷೇಪವನ್ನು ‘ಸತಿ ಸುಲೋಚನ’ದ ಮೇಲೆಯೇ ಪ್ರಯೋಗಿಸಿ ನೋಡೋಣ. ಅದರ ನಿರ್ಮಾಪಕ ಚಮನಲಾಲ್ ಡುಂಗಾಜಿ ಮಾರವಾಡಿ ವ್ಯಾಪಾರಿ. ನಿರ್ದೇಶಕ ಯರಗುಡಿಪಾಟಿ ವರದರಾವ್ ತೆಲುಗು ಮೂಲದವರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬೆಳ್ಳಾವೆ ನರಹರಿಶಾಸ್ತ್ರಿಗಳ ಬರಹ, ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯ, ತ್ರಿಪುರಾಂಬ ಮೊದಲಾದವರ ಅಭಿನಯ ಇವುಗಳಿಂದ ಅದು ಕನ್ನಡದ್ದಾಯಿತು. ಅದು ಸರಿಯೇ. ಬಂಡವಾಳ ಯಾರದು, ನಿರ್ದೇಶಕನ ಮನೆಮಾತು ಯಾವುದು, ಸ್ಟುಡಿಯೋ ಯಾವ ಊರಿನದು ಎಂದು ಕೇಳದೆ ಆ ಚಿತ್ರವನ್ನು ನಾವು ನಮ್ಮದೆಂದು ಒಪ್ಪಿದೆವು. ಅದೇ ಔದಾರ್ಯವನ್ನು ವೀರಣ್ಣನವರ ಮೂಕಿ ಚಿತ್ರಗಳಿಗೆ ತೋರದಿರುವುದು ಯಾವ ನ್ಯಾಯ? ಗುಬ್ಬಿಯ ವೀರಣ್ಣನವರು ಹೊರಗಿನವರೇ? ಕೈಲಾಸಂ ಹೊರಗಿನವರೇ?

ಎರಡನೆಯ ಆಕ್ಷೇಪ ಇನ್ನೂ ವಿಚಿತ್ರವಾದುದು. ‘ಸತಿ ಸುಲೋಚನ’ದ ಪ್ರತಿಯೂ ಇಂದು ಉಳಿದಿಲ್ಲ. ನಾವು ಆರಂಭವೆಂದು ಪೂಜಿಸುತ್ತಿರುವ ಚಿತ್ರವನ್ನು ಇಂದಿನ ವಿದ್ಯಾರ್ಥಿಯೊಬ್ಬನೂ ನೋಡಲಾರ. ಅದರ ಬಗೆಗೆ ನಮಗೆ ತಿಳಿದಿರುವುದೆಲ್ಲ ಪ್ರಕಟಣೆ, ಛಾಯಾಚಿತ್ರ, ಸಮಕಾಲೀನರ ಸ್ಮರಣೆ ಇಂಥವುಗಳಿಂದ ಬಂದದ್ದು. ಕಳೆದುಹೋದ ವಾಕ್ಚಿತ್ರಕ್ಕೆ ಈ ಬಗೆಯ ಸಾಕ್ಷ್ಯ ಸಾಲುತ್ತದೆ, ಕಳೆದುಹೋದ ಮೂಕಿ ಚಿತ್ರಕ್ಕೆ ಸಾಲುವುದಿಲ್ಲ ಎನ್ನುವುದು ಸಂಶೋಧನೆಯ ಮಾತಲ್ಲ.

ಇಲ್ಲದ ಕೃತಿಗಳ ಚರಿತ್ರೆಯನ್ನು ಬರೆಯುವುದು ಹೇಗೆಂದು ಕನ್ನಡದ ವಿದ್ವಾಂಸನೇ ಕೇಳಿದರೆ ನನಗೆ ನಗು ಬರುತ್ತದೆ. ನಮ್ಮ ಸಾಹಿತ್ಯಚರಿತ್ರೆಯ ಮೊದಲ ಅಧ್ಯಾಯವೇ ಇಲ್ಲದ ಕೃತಿಗಳದು. ‘ಕವಿರಾಜಮಾರ್ಗ’ ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಗದ್ಯಕಾರರೆಂದು ಹೆಸರಿಸುತ್ತದೆ; ಅವರ ಕನ್ನಡ ಗದ್ಯದ ಒಂದು ಸಾಲೂ ನಮ್ಮ ಕೈಗೆ ಬಂದಿಲ್ಲ. ಅಸಗನ ಸಂಸ್ಕೃತ ‘ವರ್ಧಮಾನಚರಿತ’ ಉಳಿಯಿತು, ಕನ್ನಡ ಕಾವ್ಯ ಉಳಿಯಲಿಲ್ಲ. ಆದರೂ ಆತ ಕನ್ನಡ ಕವಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ, ಏಕೆಂದರೆ ಪೊನ್ನನಂಥವನು ಅವನನ್ನು ನೆನೆದಿದ್ದಾನೆ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳನ್ನು ನಾವು ಬಲ್ಲದ್ದು ಮುಂದಿನವರು ತಮ್ಮ ಗ್ರಂಥಗಳಲ್ಲಿ ಉದ್ಧರಿಸಿಕೊಂಡ ಬಿಡಿ ಪದ್ಯಗಳಿಂದ ಮಾತ್ರ. ಪೊನ್ನನ ‘ಭುವನೈಕರಾಮಾಭ್ಯುದಯ’ ಸಿಕ್ಕಿಲ್ಲವೆಂದು ರತ್ನತ್ರಯರಿಂದ ಅವನನ್ನು ಯಾರೂ ತೆಗೆದುಹಾಕಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಪುಟಗಳಲ್ಲಿ ಇಂಥ ಅನುಪಲಬ್ಧ ಕೃತಿಗಳಿಗೂ ಅವುಗಳ ಕರ್ತೃಗಳಿಗೂ ಸಲ್ಲಬೇಕಾದ ಸ್ಥಾನ ಸಂದಿದೆ. ಶಾಸನದ ಒಂದು ಉಲ್ಲೇಖ, ವ್ಯಾಕರಣದ ಒಂದು ಪ್ರಯೋಗ, ಇನ್ನೊಬ್ಬ ಕವಿಯ ಒಂದು ಪೂರ್ವಕವಿಸ್ಮರಣೆ ಇವನ್ನು ಕೂಡಿಸಿ ಕಳೆದ ಗ್ರಂಥದ ರೂಪವನ್ನು ಊಹಿಸುವ ಶಿಸ್ತನ್ನು ನೂರು ವರ್ಷಗಳಿಂದ ಕಟ್ಟಿಕೊಂಡು ಬಂದವರು ನಾವು. ಒಂಬತ್ತನೆಯ ಶತಮಾನದ ಕಾವ್ಯಕ್ಕೆ ಒದಗುವ ಆ ಶಿಸ್ತು ಇಪ್ಪತ್ತನೆಯ ಶತಮಾನದ ಚಿತ್ರಕ್ಕೆ ಏಕೆ ಒದಗಬಾರದು? ಚಿತ್ರದ ವಿಷಯದಲ್ಲಿ ಸಾಮಗ್ರಿ ಹೆಚ್ಚಿಗೇ ಇದೆ. ಕರಪತ್ರಗಳಿವೆ, ಪತ್ರಿಕೆಗಳ ಜಾಹೀರಾತುಗಳಿವೆ, ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ ಇದೆ.

ಮೂರನೆಯ ಆಕ್ಷೇಪವೇ ಮುಖ್ಯವಾದದ್ದು: ಮಾತಿಲ್ಲದ ಚಿತ್ರಕ್ಕೆ ಭಾಷೆಯಿಲ್ಲ. ಇದಕ್ಕೆ ನನ್ನ ಮೊದಲ ಉತ್ತರ ನೆರೆಹೊರೆಯದು. ಮಲಯಾಳಿಗಳು ತಮ್ಮ ಚಿತ್ರರಂಗದ ಜನಕನೆಂದು ಗೌರವಿಸುವುದು ‘ವಿಗತಕುಮಾರನ್’ ಎಂಬ ಮೂಕಿ ಚಿತ್ರವನ್ನು ತೆಗೆದ ಜೆ. ಸಿ. ಡೇನಿಯಲ್ ಅವರನ್ನು, ಕೇರಳದ ಅತ್ಯುನ್ನತ ಚಲನಚಿತ್ರ ಗೌರವಕ್ಕೆ ಅವರದೇ ಹೆಸರು. ತೆಲುಗರು ರಘುಪತಿ ವೆಂಕಯ್ಯನವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ. ಅವರ ‘ಭೀಷ್ಮ ಪ್ರತಿಜ್ಞೆ’ಯೂ ಮೂಕಿ ಚಿತ್ರವೇ. ತಮಿಳರು ನಟರಾಜ ಮುದಲಿಯಾರರ ‘ಕೀಚಕ ವಧಂ’ನಿಂದ ಎಣಿಕೆ ಆರಂಭಿಸುತ್ತಾರೆ. ಈ ಮೂರು ಚಿತ್ರಗಳೂ ಇಂದು ಉಳಿದಿಲ್ಲ, ಮೂರರಲ್ಲೂ ಮಾತಿರಲಿಲ್ಲ. ದಕ್ಷಿಣದ ಮೂರು ಭಾಷೆಗಳಿಗೆ ಅಡ್ಡಿಯಾಗದ ತರ್ಕ ಕನ್ನಡಕ್ಕೆ ಮಾತ್ರ ಅಡ್ಡಿಯಾಗಿರುವುದೇಕೆ?

ಎರಡನೆಯ ಉತ್ತರ ನಮ್ಮ ಮನೆಯೊಳಗಿನದು. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ, ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಪಾಲುಗೊಂಡ ‘ಪುಷ್ಪಕ ವಿಮಾನ’ ತೆರೆಗೆ ಬಂತು. ಕಮಲಹಾಸನ್, ಅಮಲಾ ನಟಿಸಿದ, ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಆ ಚಿತ್ರದಲ್ಲಿ ಸದ್ದುಗಳಿವೆ, ಸಂಗೀತವಿದೆ, ಸಂಭಾಷಣೆ ಮಾತ್ರ ಇಲ್ಲ. ಬೇರೆ ಬೇರೆ ರಾಜ್ಯಗಳಲ್ಲಿ ಶೀರ್ಷಿಕೆಯನ್ನಷ್ಟೇ ಬದಲಿಸಿ ಅದನ್ನು ತೋರಿಸಿದರು. ಆದರೂ ಕನ್ನಡ ಚಿತ್ರಗಳ ಪಟ್ಟಿಯಲ್ಲಿ ಅದನ್ನು ನಾವು ಹೆಮ್ಮೆಯಿಂದ ಸೇರಿಸಿಕೊಳ್ಳುತ್ತೇವೆ. ಸೇರಿಸಿಕೊಳ್ಳುವುದು ಸರಿಯೂ ಹೌದು. ಮಾತಿಲ್ಲದಿದ್ದರೂ 1987ರ ಚಿತ್ರ ಕನ್ನಡದ್ದಾಗುವುದಾದರೆ ಮಾತಿಲ್ಲದಿರುವ ಕಾರಣಕ್ಕೇ ಅದಕ್ಕಿಂತ ಅರ್ಧ ಶತಮಾನ ಹಿಂದಿನ ಚಿತ್ರಗಳು ಕನ್ನಡದ್ದಾಗದೆ ಹೋಗುವುದು ಹೇಗೆ?

ಮೂರನೆಯ ಉತ್ತರ ‘ಮೂಕ’ ಎಂಬ ಪದಕ್ಕೆ ಸಂಬಂಧಿಸಿದ್ದು. ‘ಮೂಕ’ ಎಂದರೆ ನುಡಿಯುವ ಶಕ್ತಿಯೇ ಇಲ್ಲದವನು. ‘ಮೌನ’ ಎಂದರೆ ನುಡಿಯನ್ನು ಬಿಟ್ಟು ನಿಂತ ಸ್ಥಿತಿ. ಜೈನ ಪರಿಭಾಷೆಯಲ್ಲಿ ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿಗಳೆಂದು ಮೂರು ಗುಪ್ತಿಗಳಿವೆ. ವಚನಗುಪ್ತಿಯನ್ನು ಯಾರೂ ಮೂಕತ್ವವೆನ್ನುವುದಿಲ್ಲ. ಆರಂಭದ ಚಿತ್ರಗಳ ಮೌನ ತಂತ್ರದ ಮಿತಿಯಿಂದ ಬಂದದ್ದೆಂಬುದನ್ನು ನಾನು ಮರೆತಿಲ್ಲ, ಅದು ವ್ರತವಾಗಿರಲಿಲ್ಲ. ಆದರೆ ಆ ಮಿತಿಯೊಳಗೆ ಕಲಾವಿದರು ಕಟ್ಟಿದ ಅಭಿವ್ಯಕ್ತಿ ಮೂಕವಾಗಿರಲಿಲ್ಲ. ಭರತನ ಚತುರ್ವಿಧ ಅಭಿನಯದಲ್ಲಿ ವಾಚಿಕವೊಂದನ್ನು ತೆಗೆದರೆ ಆಂಗಿಕ, ಆಹಾರ್ಯ, ಸಾತ್ವಿಕಗಳು ಉಳಿಯುತ್ತವೆ. ಉಳಿದ ಮೂರರ ಮೇಲೆ ನಾಲ್ಕರ ಹೊರೆ ಬೀಳುತ್ತದೆ. ಕನ್ನಡದ ಆಡುಮಾತನ್ನು ರಂಗದ ಮೇಲೆ ಕುಣಿಸಿದ ಕೈಲಾಸಂ ಅವರಂಥವರು ನಾಲಿಗೆಗೆ ಕೆಲಸವೇ ಇಲ್ಲದ ಮಾಧ್ಯಮಕ್ಕೆ ಮೈಯೊಡ್ಡಿದರೆಂಬುದು ನಮ್ಮ ವಿಮರ್ಶೆಯನ್ನು ಇಷ್ಟು ಕಾಲ ಕಾಡದೆ ಹೋದುದೇ ಆಶ್ಚರ್ಯ. ಅವರ ನಾಟಕಗಳ ಭಾಷೆಯನ್ನು ಕುರಿತು ಬರೆಯುವವರು ಈ ಸಂಗತಿಯ ಮುಂದೆ ಒಂದು ಗಳಿಗೆ ನಿಲ್ಲಬೇಕಾಗಿತ್ತು.

ಭಾಷೆ ಅಲ್ಲಿ ಇರಲೇ ಇಲ್ಲವೆಂಬುದೂ ಸುಳ್ಳು. ಭಾರತದ ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುವೆ ಬರಹದ ಫಲಕಗಳು ಬರುತ್ತಿದ್ದವು. ಒಂದೇ ಫಲಕದಲ್ಲಿ ಎರಡು ಮೂರು ಭಾಷೆಗಳು ಇರುತ್ತಿದ್ದುದೂ ಉಂಟು. ಓದುಬಾರದವರಿಗಾಗಿ ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳುವವರಿರುತ್ತಿದ್ದರು. ಹಾರ್ಮೋನಿಯಂ, ತಬಲಾಗಳ ಮೇಳವಿರುತ್ತಿತ್ತು. ಜಪಾನಿನಲ್ಲಿ ಇಂಥ ಕಥನಕಾರರಿಗೆ ‘ಬೆನ್ಶಿ’ ಎಂಬ ಹೆಸರೇ ಇತ್ತು. ಅವರು ನಟರಷ್ಟೇ ಖ್ಯಾತರಾಗಿದ್ದರು. ಗಮಕಿಯ ವಾಚನದ ಜೊತೆಗೆ ವ್ಯಾಖ್ಯಾನಕಾರನನ್ನು ಕೂರಿಸಿಕೊಂಡು ಭಾರತವನ್ನು ಕೇಳಿದ ನಮ್ಮ ಜನಕ್ಕೆ ಈ ಏರ್ಪಾಡು ಹೊಸದೆನಿಸಬೇಕಾಗಿರಲಿಲ್ಲ. ವಾಕ್ಚಿತ್ರ ಪ್ರೇಕ್ಷಕನ ಭಾಷೆಯನ್ನು ಮೊದಲೇ ನಿಗದಿಪಡಿಸಿಬಿಡುತ್ತದೆ. ಮೌನಚಿತ್ರ ಆಯಾ ಊರಿನ ಪ್ರೇಕ್ಷಕನ ಭಾಷೆಯಲ್ಲಿ ಪೂರ್ಣಗೊಳ್ಳುತ್ತಿತ್ತು.

ಇಲ್ಲಿ ನಮ್ಮ ಆಗಮದ ಒಂದು ಪರಿಕಲ್ಪನೆ ನೆನಪಾಗುತ್ತದೆ. ದಿಗಂಬರ ಪರಂಪರೆಯಲ್ಲಿ ತೀರ್ಥಂಕರರ ದಿವ್ಯಧ್ವನಿಯನ್ನು ಅನಕ್ಷರವೆಂದು ವರ್ಣಿಸುವುದುಂಟು. ಸಮವಸರಣದಲ್ಲಿ ನೆರೆದ ದೇವ, ಮನುಷ್ಯ, ತಿರ್ಯಂಚರು ಅದನ್ನು ತಮ್ಮ ತಮ್ಮ ಭಾಷೆಯಲ್ಲಿ ಗ್ರಹಿಸುತ್ತಾರೆ. ಪವಿತ್ರವಾದುದನ್ನು ಸಿನಿಮಾಕ್ಕೆ ಹೋಲಿಸುವ ಉದ್ಧಟತನ ನನಗೆ ಬೇಡ. ಅರ್ಥವು ಅಕ್ಷರದಲ್ಲಿ ಅಡಗಿ ಕುಳಿತಿಲ್ಲ, ಗ್ರಹಿಸುವವನ ಭಾಷೆಯಲ್ಲಿ ಅದು ನುಡಿಯಾಗುತ್ತದೆ ಎಂಬ ವಿಚಾರಕ್ಕೆ ನಮ್ಮಲ್ಲಿ ಸಾವಿರಾರು ವರ್ಷಗಳ ನೆಲೆಯಿದೆ ಎಂಬುದಷ್ಟೇ ನನ್ನ ಮಾತು. ಅಂಥ ನೆಲೆಯುಳ್ಳವರು, ಬಾಯಿಂದ ಹೊರಟ ಮಾತು ಮಾತ್ರವೇ ಭಾಷೆ ಎಂಬ ಬಡ ವ್ಯಾಖ್ಯೆಗೆ ಏಕೆ ಜೋತುಬೀಳಬೇಕು?

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಕಲ್ಲಿನ ಸಾಕ್ಷಿಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಿಕ್ಕಬೆಟ್ಟ ಹತ್ತಿದವರು ಚಂದ್ರಗುಪ್ತ ಬಸದಿಯ ಜಾಲಂಧ್ರಗಳ ಮುಂದೆ ಒಂದಿಷ್ಟು ಹೊತ್ತು ನಿಲ್ಲಬೇಕು. ಭದ್ರಬಾಹು ಮತ್ತು ಚಂದ್ರಗುಪ್ತರ ಚರಿತೆಯನ್ನು ಅಲ್ಲಿ ತೊಂಬತ್ತು ಚೌಕಗಳಲ್ಲಿ ಕೆತ್ತಲಾಗಿದೆ. ಶಿಲ್ಪಿ ದಾಸೋಜನ ಹೆಸರೂ ಅಲ್ಲಿದೆ. ಒಂದೊಂದು ಚೌಕವೂ ಒಂದೊಂದು ಘಟನೆ. ಚೌಕದಿಂದ ಚೌಕಕ್ಕೆ ಕಣ್ಣು ಹಾಯ್ದಂತೆ ಕಥೆ ಸಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ರಾಮಾಯಣ, ಭಾರತಗಳನ್ನು ನಡೆಯುತ್ತ ನೋಡಬೇಕು. ಅಲ್ಲಿ ಚಿತ್ರ ಸ್ಥಿರ, ಚಲಿಸುವವನು ಪ್ರೇಕ್ಷಕ. ಇದನ್ನು ಕೇಳಿದೊಡನೆ ನಮ್ಮ ಪೂರ್ವಜರು ಸಿನಿಮಾವನ್ನೂ ಕಂಡುಹಿಡಿದಿದ್ದರು ಎಂದು ಹೊರಡುವ ಉತ್ಸಾಹಿಗಳಿದ್ದಾರೆ. ಅವರ ಸಹವಾಸ ನನಗೆ ಬೇಡ. 1895ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸೋದರರು ತೋರಿಸಿದ್ದು ಹೊಸದೊಂದು ಯಂತ್ರದ ಫಲ. ದಾಸೋಜನಿಗೂ ಅದಕ್ಕೂ ನಂಟಿಲ್ಲ. ನಂಟಿರುವುದು ನೋಡುವ ಕಣ್ಣಿಗೆ. ಮಾತಿನ ನೆರವಿಲ್ಲದೆ ಚೌಕಗಳನ್ನು ಜೋಡಿಸಿ ಕಥೆಯನ್ನು ಓದಿಕೊಳ್ಳುವ ಕಣ್ಣು ಈ ಸೀಮೆಯಲ್ಲಿ ಮೊದಲೇ ಪಳಗಿತ್ತು. ದಾಸೋಜನ ಆ ತೊಂಬತ್ತು ಚೌಕಗಳನ್ನು ಯಾರೂ ‘ಮೂಕ ಶಿಲ್ಪ’ ಎನ್ನುವುದಿಲ್ಲ.

ಮೌನಚಿತ್ರಗಳ ಆಕರ್ಷಣೆ ಇಂದಿಗೂ ಅಳಿಯದಿರುವುದಕ್ಕೂ ಈ ಕಣ್ಣೇ ಕಾರಣ. 1931ರ ಮಾರ್ಚಿನಲ್ಲಿ ‘ಆಲಂ ಆರಾ’ ಭಾರತದಲ್ಲಿ ಮಾತನ್ನು ತಂದಿತು. ಹಾಲಿವುಡ್ ಮಾತಿಗೆ ತಿರುಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಅದೇ 1931ರಲ್ಲಿ ಚಾರ್ಲಿ ಚಾಪ್ಲಿನ್ ಸಂಭಾಷಣೆಯಿಲ್ಲದ ‘ಸಿಟಿ ಲೈಟ್ಸ್’ ಬಿಡುಗಡೆ ಮಾಡಿದರು. ಅಷ್ಟು ಹೊತ್ತಿಗೆ ಮೌನ ಮಿತಿಯಾಗಿ ಉಳಿದಿರಲಿಲ್ಲ, ಆಯ್ಕೆಯಾಗಿತ್ತು. ಕಣ್ಣು ಬಂದ ಹೂವಾಡಗಿತ್ತಿ ತನ್ನ ಉಪಕಾರಿಯನ್ನು ಕೈಯ ಸ್ಪರ್ಶದಿಂದ ಗುರುತಿಸುವ ಕೊನೆಯ ದೃಶ್ಯವನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ನಾನು ಒಂದನ್ನು ಗಮನಿಸಿದ್ದೇನೆ: ವಿದ್ಯಾರ್ಥಿಗಳ ಕೈಯ ಮೊಬೈಲುಗಳು ತಾವಾಗಿ ಕೆಳಗಿಳಿಯುತ್ತವೆ. ಮಾತಿನ ಚಿತ್ರವನ್ನು ಬೇರೆಲ್ಲೋ ನೋಡುತ್ತ ಕಿವಿಯಿಂದ ಹಿಂಬಾಲಿಸಬಹುದು. ಮೌನಚಿತ್ರದಿಂದ ಕಣ್ಣು ತೆಗೆದರೆ ಕಥೆಯೇ ಕೈತಪ್ಪುತ್ತದೆ. ಅದು ಪೂರ್ಣ ಗಮನವನ್ನು ಕೇಳುತ್ತದೆ. ಕೇಳಿದ್ದನ್ನು ಕೊಟ್ಟವನನ್ನು ಸಹಕರ್ತೃವಾಗಿಸುತ್ತದೆ, ಆಡದ ಮಾತನ್ನು ಅವನೇ ಆಡಿಕೊಳ್ಳಬೇಕಾಗುತ್ತದೆ. ‘ಕವಿರಾಜಮಾರ್ಗ’ದ ಕಾಲದಿಂದ ಧ್ವನಿಯೆಂಬ ಹೆಸರನ್ನು ಬಲ್ಲ ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಪುಷ್ಪಕ ವಿಮಾನ’ದ ನಾಯಕನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ರೆ ಬಾರದು, ತನ್ನ ಹಳೆಯ ಕೋಣೆಯ ಪಕ್ಕದ ಚಿತ್ರಮಂದಿರದ ಗದ್ದಲವನ್ನು ಧ್ವನಿಮುದ್ರಿಸಿ ತಂದು ಹಾಕಿಕೊಂಡು ಮಲಗುತ್ತಾನೆ. ವಾಕ್ಚಿತ್ರವು ನಮಗೆ ಜೋಗುಳದ ಗದ್ದಲವಾಗಿಬಿಟ್ಟಿದೆ ಎಂಬ ವಿಮರ್ಶೆಯನ್ನು ಒಂದು ಮಾತೂ ಆಡದೆ ಆ ದೃಶ್ಯ ಮಾಡಿದೆ.

ಇನ್ನು ನಷ್ಟದ ವಿಷಯ. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳ ಸಂಖ್ಯೆ 1300ನ್ನು ಮೀರುತ್ತದೆ. ತುಣುಕುಗಳನ್ನು ಸೇರಿಸಿ ಎಣಿಸಿದರೂ ಉಳಿದವು ಅತ್ಯಲ್ಪ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವೇ ಪೂರ್ಣವಾಗಿ ನಮಗೆ ದಕ್ಕಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬೇಗ ತುತ್ತಾಗುವಂಥದ್ದು, ಇಟ್ಟಲ್ಲೇ ಕೊಳೆಯುವಂಥದ್ದು. ಅದರಲ್ಲಿದ್ದ ಬೆಳ್ಳಿಗಾಗಿ ಸುರುಳಿಗಳನ್ನು ತೊಳೆದು ಮಾರಿದವರೂ ಇದ್ದರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಆರಂಭವಾಗಿ, ಪಿ. ಕೆ. ನಾಯರ್ ಅವರಂಥವರು ಊರೂರು ಅಲೆದು ಹುಡುಕುವ ಹೊತ್ತಿಗೆ ಬಹುಪಾಲು ಹೋಗಿಯೇ ಹೋಗಿತ್ತು. 1933ರ ಮಲಯಾಳದ ‘ಮಾರ್ತಾಂಡ ವರ್ಮ’ ಉಳಿದುಕೊಂಡ ಬಗೆಯನ್ನು ನೋಡಿ: ಕಾದಂಬರಿಯ ಹಕ್ಕಿನ ವ್ಯಾಜ್ಯದಲ್ಲಿ ಸಿಕ್ಕಿ ಪ್ರದರ್ಶನ ನಿಂತ ಚಿತ್ರ ಪುಸ್ತಕ ಪ್ರಕಾಶಕರ ವಶದಲ್ಲಿ ಉಳಿಯಿತು, ದಶಕಗಳ ಮೇಲೆ ಪುಣೆಯ ಭಂಡಾರಕ್ಕೆ ಸೇರಿತು. ಓಡಿದ ಚಿತ್ರಗಳು ಸವೆದು ಮಾಯವಾದವು, ತಡೆಹಿಡಿದ ಚಿತ್ರ ಬದುಕಿತು. ಇಂಥ ಆಕಸ್ಮಿಕಗಳ ಮೇಲೆ ಒಂದು ಕಲೆಯ ಚರಿತ್ರೆ ನಿಲ್ಲಬಾರದು.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ಪ್ರತಿವರ್ಷ ಪಾಠ ಹೇಳುತ್ತೇವೆ. ಅದನ್ನು ದಾನದ ಕಥೆಯೆಂದು ಹೇಳಿ ಮುಗಿಸುತ್ತೇವೆ. ಅದು ಸಂರಕ್ಷಣೆಯ ಸೂತ್ರವೂ ಹೌದು: ಕೃತಿಯನ್ನು ಉಳಿಸುವ ದಾರಿ ಪ್ರತಿ ಮಾಡುವುದು, ಒಂದೆಡೆ ಕೂಡಿಡದೆ ಹಲವೆಡೆ ಇರಿಸುವುದು. ಕನ್ನಡದ ಮೌನಚಿತ್ರಗಳಿಗೆ ಒಬ್ಬ ಅತ್ತಿಮಬ್ಬೆ ಸಿಗಲಿಲ್ಲ. ಉಳಿದಿರುವ ಕಾಗದಪತ್ರಗಳಿಗಾದರೂ ಸಿಗಬೇಕು.

ಆದ್ದರಿಂದ ಸಂಶೋಧಕ ಮಿತ್ರರಲ್ಲಿಯೂ ಪಠ್ಯ ರೂಪಿಸುವವರಲ್ಲಿಯೂ ನನ್ನ ಬೇಡಿಕೆಗಳು ಮೂರು. ಪಠ್ಯದಲ್ಲಿ ‘ಸತಿ ಸುಲೋಚನ’ವನ್ನು ಕನ್ನಡದ ಮೊದಲ ವಾಕ್ಚಿತ್ರವೆಂದೇ ಬರೆಯಿರಿ, ಅದರ ಹಿಂದೆ ಮೌನಚಿತ್ರಗಳ ಅಧ್ಯಾಯವೊಂದನ್ನು ಸೇರಿಸಿ. ಎರಡನೆಯದು, ವೀರಣ್ಣ, ಕೈಲಾಸಂ, ಕಮಲಾದೇವಿ ಇವರ ಕುರಿತ ಅಧ್ಯಯನಗಳಲ್ಲಿ ಚಿತ್ರದ ಕೆಲಸವನ್ನು ಅಡಿಟಿಪ್ಪಣಿಯಿಂದ ಮೇಲೆತ್ತಿ. ಮೂರನೆಯದು ಕ್ಷೇತ್ರಕಾರ್ಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ಪ್ರತಿವರ್ಷ ಕಿರುಪ್ರಬಂಧಗಳು ಸಿದ್ಧವಾಗುತ್ತವೆ. ಅವುಗಳಲ್ಲಿ ಅನೇಕವು ಒಂದೇ ಕಾದಂಬರಿಯ ಸ್ತ್ರೀಪಾತ್ರಗಳ ಸುತ್ತ ಸುತ್ತುತ್ತವೆ. ಅವುಗಳಲ್ಲಿ ನಾಲ್ಕಾದರೂ ಊರ ಹಳೆಯ ಮುದ್ರಣಾಲಯಗಳ ಕರಪತ್ರಗಳನ್ನು, ಜಾತ್ರೆಯ ಡೇರೆ ಸಿನಿಮಾಗಳ ನೆನಪುಗಳನ್ನು, ನಾಟಕ ಕಂಪನಿಗಳ ಬಿಡಾರದ ಲೆಕ್ಕಪತ್ರಗಳನ್ನು ಹುಡುಕಲಿ. ಸಿಕ್ಕಿದ್ದನ್ನು ಛಾಯಾಪ್ರತಿ ಮಾಡಿ ಎರಡು ಮೂರು ಗ್ರಂಥಾಲಯಗಳಲ್ಲಿ ಇರಿಸಲಿ. ಆ ಕಾಲವನ್ನು ಕಂಡವರು ಈಗ ಇಲ್ಲವೆಂದೇ ಹೇಳಬೇಕು. ಕಂಡವರಿಂದ ಕೇಳಿದವರು ಇದ್ದಾರೆ, ಅವರಿಗೂ ವಯಸ್ಸಾಗಿದೆ.

ಇದರಿಂದ ‘ಸತಿ ಸುಲೋಚನ’ದ ಗೌರವಕ್ಕೆ ಕುಂದು ಬರುತ್ತದೆಂದು ಯಾರೂ ಅಂಜಬೇಕಾಗಿಲ್ಲ. ಪಂಪನಿಗೆ ಮುಂಚೆ ಅಸಗ, ಗುಣವರ್ಮರಿದ್ದರೆಂದು ಹೇಳಿದ್ದರಿಂದ ಪಂಪ ಆದಿಕವಿಯಾಗದೆ ಹೋಗಲಿಲ್ಲ. ಅವನ ಹಿಂದಿನ ದಾರಿ ನಮಗೆ ಕಂಡಿತು, ಅಷ್ಟೆ. 2034ರಲ್ಲಿ ಶತಮಾನೋತ್ಸವ ನಡೆಯಲಿ. ಕನ್ನಡದ ವಾಕ್ಚಿತ್ರಕ್ಕೆ ನೂರು ವರ್ಷ ಎಂದು ಅದರ ಫಲಕದ ಮೇಲೆ ಬರೆಯಲಿ. ಕನ್ನಡ ಚಿತ್ರರಂಗಕ್ಕೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.